ದುಡಿಮೆಯ ಬಳಲಿಕೆ ಮತ್ತು ನಮ್ಮ ಹೊಣೆ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ, ಶ್ರಮಿಕ ಸಂತ ಜೋಸೆಫರ ಹಬ್ಬದ ಸಂಜೆ ಮಾಡಿದ ಭಾಷಣದ ಪಾಠ)



ಈ ಉಪನ್ಯಾಸಮಾಲೆಯಲ್ಲಿ ಇದುವರೆಗೆ ದೇವಾಲಯದ ಇತಿಹಾಸ, ಹಿಂದಿನ ಗುರುಗಳ ತ್ಯಾಗ, ನಮ್ಮ ಶಾಲೆಯ ಬೆಳವಣಿಗೆ ಮೊದಲಾದವನ್ನು ಕುರಿತು ಬಲ್ಲವರು ಮಾತನಾಡಿದ್ದಾರೆ. ನಮ್ಮ ಪಾಲಿಗೆ ಬಂದಿರುವ ವಿಷಯ ಅವುಗಳಷ್ಟು ಹೃದ್ಯವಾದುದಲ್ಲ. ದುಡಿಯುವ ಜನರು ದುಡಿಮೆಯಿಂದಲೇ ಒಳಗೊಳಗೆ ಬರಿದಾಗಿ ಹೋಗುವುದನ್ನು ತಡೆಯಲು ದುಡಿಮೆಯ ಸ್ಥಳದಲ್ಲಿ ಏನೇನು ಅನುಕೂಲತೆಗಳಿರಬೇಕು, ಅವನ್ನು ಒದಗಿಸುವ ಹೊಣೆ ಯಾರದು ಎಂಬುದನ್ನು ವಿಚಾರ ಮಾಡಬೇಕೆಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಹಬ್ಬದ ದಿನ ಇಂತಹ ಮಾತೇಕೆ ಎಂದು ಕೆಲವರಾದರೂ ಅಂದುಕೊಂಡಿರಬಹುದು. ಆದರೆ ಈ ಹಬ್ಬವೇ ದುಡಿಯುವವರ ಹಬ್ಬ. ಜಗದ್ಗುರು ಹನ್ನೆರಡನೆಯ ಪಯಸ್ 1955ರಲ್ಲಿ ಮೇ 1ನ್ನು ಶ್ರಮಿಕ ಸಂತ ಜೋಸೆಫರಿಗೆ ಮೀಸಲಿಟ್ಟಾಗ, ಬಡಗಿಯ ಉಳಿ ಬಾಚಿಗಳಿಗೂ ಪೂಜಾಪೀಠಕ್ಕೂ ಸಂಬಂಧವುಂಟೆಂದು ಲೋಕಕ್ಕೆ ಸಾರಿದಂತಾಯಿತು.

ಅದಕ್ಕೂ ಬಹು ಮೊದಲೇ, 1891ರ ಮೇ 15ರಂದು, ಜಗದ್ಗುರು ಹದಿಮೂರನೆಯ ಲಿಯೋ ‘ರೇರುಂ ನೊವಾರುಂ’ ಎಂಬ ವಿಶ್ವಪತ್ರವನ್ನು ಹೊರಡಿಸಿದ್ದರು. ದುಡಿಮೆಯ ಅವಧಿಯನ್ನು ಕೆಲಸದ ಸ್ವರೂಪ, ಋತುಮಾನ, ದುಡಿಯುವವನ ದೇಹಸ್ಥಿತಿ ಇವನ್ನೆಲ್ಲ ನೋಡಿ ಗೊತ್ತುಪಡಿಸಬೇಕು, ಗಣಿಯ ಆಳದಲ್ಲಿ ದುಡಿಯುವವನಿಗೆ ಅವಧಿ ಕಡಿಮೆಯಿರಬೇಕು, ವ್ಯಯವಾದ ಶಕ್ತಿಗೆ ತಕ್ಕಷ್ಟು ವಿಶ್ರಾಂತಿ ದೊರೆಯಬೇಕು ಎಂಬ ವಿಚಾರಗಳು ಅದರಲ್ಲಿವೆ. ಆ ಪತ್ರದ ತೊಂಬತ್ತನೆಯ ವರ್ಷದ ನೆನಪಿಗಾಗಿ ಎರಡನೆಯ ಜಾನ್ ಪಾಲ್ ‘ಲಬೋರೆಂ ಎಕ್ಸೆರ್ಚೆನ್ಸ್’ ಎಂಬ ಮತ್ತೊಂದು ವಿಶ್ವಪತ್ರವನ್ನು ಸಿದ್ಧಪಡಿಸಿದರು. 1981ರ ಮೇ 15ಕ್ಕೆ ಹೊರಡಬೇಕಾಗಿದ್ದ ಆ ಪತ್ರ, ಎರಡು ದಿನ ಮೊದಲು ಅವರ ಮೇಲೆ ನಡೆದ ಗುಂಡಿನ ದಾಳಿಯಿಂದಾಗಿ ಸೆಪ್ಟೆಂಬರ್ 14ರವರೆಗೆ ತಡವಾಯಿತು. ಆಸ್ಪತ್ರೆಯಿಂದ ಹೊರಬಂದ ಬಳಿಕವೇ ಅವರು ಅದಕ್ಕೆ ಕೊನೆಯ ರೂಪವನ್ನು ಕೊಟ್ಟರು. ವಾರದ ರಜೆ, ವರ್ಷದ ರಜೆ, ವೈದ್ಯಸಹಾಯ, ಆರೋಗ್ಯಕ್ಕೂ ಮನಸ್ಸಿನ ಶೀಲಕ್ಕೂ ಹಾನಿ ಮಾಡದ ಕಾರ್ಯಪರಿಸರ, ಇವೆಲ್ಲವೂ ದುಡಿಯುವವನ ಹಕ್ಕುಗಳೆಂದು ಅದರಲ್ಲಿ ಹೇಳಿದೆ. ಹಕ್ಕುಗಳೆಂದೇ ಹೇಳಿದೆ, ಯಜಮಾನನ ಕೃಪೆಯೆಂದಲ್ಲ. 2025ರ ಮೇ 8ರಂದು ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋ ತಮ್ಮ ಹೆಸರಿನ ಆಯ್ಕೆಗೆ ಆ ಹಳೆಯ ವಿಶ್ವಪತ್ರವನ್ನೇ ಮುಖ್ಯ ಕಾರಣವಾಗಿ ತಿಳಿಸಿದ್ದಾರೆ. ಆದ್ದರಿಂದ ನಾವು ಇಲ್ಲಿ ಹೊರಗಿನ ಸರಕನ್ನು ತಂದು ಸುರಿಯುತ್ತಿಲ್ಲ.

ಈಗ ವಿಷಯಕ್ಕೆ ಬರೋಣ. ದಿನವಿಡೀ ದುಡಿದವನಿಗೆ ಸಂಜೆ ದಣಿವಾಗುವುದು ಸಹಜ; ಉಂಡು ಮಲಗಿ ಎದ್ದರೆ ಅದು ಹೋಗುತ್ತದೆ. ನಾವು ಹೇಳಹೊರಟಿರುವ ಬಳಲಿಕೆ ಬೇರೆ. ಹಣತೆಯಲ್ಲಿ ಎಣ್ಣೆ ಇರುವವರೆಗೆ ಉರಿಯುವುದು ಎಣ್ಣೆ. ಎಣ್ಣೆ ತೀರಿದ ಮೇಲೂ ದೀಪ ಒಂದಿಷ್ಟು ಹೊತ್ತು ಉರಿಯುತ್ತದೆ, ಆದರೆ ಆಗ ಸುಡುತ್ತಿರುವುದು ಬತ್ತಿ. ದೂರದಿಂದ ನೋಡುವವನಿಗೆ ಬೆಳಕು ಮೊದಲಿನಂತೆಯೇ ಕಾಣುತ್ತದೆ. ಇದನ್ನು ಇಂಗ್ಲಿಷಿನಲ್ಲಿ ‘ಬರ್ನ್‌ಔಟ್’ ಎನ್ನುತ್ತಾರೆ. ಈ ಮಾತು ಶಾಸ್ತ್ರಕ್ಕೆ ಬಂದುದು 1974ರಲ್ಲಿ. ನ್ಯೂಯಾರ್ಕ್ ನಗರದ ಒಂದು ಧರ್ಮಾರ್ಥ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನೋವಿಜ್ಞಾನಿ, ತಮ್ಮ ಸುತ್ತಲಿನ ಸ್ವಯಂಸೇವಕರು ಒಂದೆರಡು ವರ್ಷಗಳಲ್ಲಿಯೇ ಕಾಂತಿಗುಂದಿ, ಸಿಡುಕರಾಗಿ, ಯಾವುದರಲ್ಲಿಯೂ ನಂಬಿಕೆಯಿಲ್ಲದವರಾಗಿ ಹೋಗುವುದನ್ನು ಕಂಡು ಆ ಕುರಿತು ಲೇಖನ ಬರೆದರು. ಅವರು ಕಂಡ ಮುಖ್ಯ ಸಂಗತಿಯನ್ನು ತಾವು ಗಮನಿಸಬೇಕು: ಈ ಗತಿಗೆ ಈಡಾಗುವವರು ಸೋಮಾರಿಗಳಲ್ಲ, ಎಲ್ಲರಿಗಿಂತ ಹೆಚ್ಚು ನಿಷ್ಠೆಯಿಂದ ದುಡಿಯುವವರು. (ಕಥೋಲಿಕ ಕಾದಂಬರಿಕಾರ ಗ್ರಹಾಂ ಗ್ರೀನ್ ಇದಕ್ಕೂ ಮೊದಲೇ, 1961ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಒಂದು ಕಾದಂಬರಿಗೆ ಇದೇ ಪದವನ್ನು ಶೀರ್ಷಿಕೆಯಲ್ಲಿ ಬಳಸಿದ್ದರು. ಅದರ ಕಥೆ ನಡೆಯುವುದು ಕಾಂಗೋ ದೇಶದಲ್ಲಿ ಗುರುಗಳು ನಡೆಸುತ್ತಿದ್ದ ಕುಷ್ಠರೋಗಿಗಳ ಆಶ್ರಯಧಾಮವೊಂದರಲ್ಲಿ.)

ಕ್ಯಾಲಿಫೋರ್ನಿಯದ ಕ್ರಿಸ್ಟಿನಾ ಮಾಸ್ಲಾಕ್ ಎಂಬ ವಿದುಷಿ 1981ರಲ್ಲಿ ತಮ್ಮ ಸಹೋದ್ಯೋಗಿಯೊಡನೆ ಈ ಬಳಲಿಕೆಯನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅವರು ಗುರುತಿಸಿದ ಲಕ್ಷಣಗಳು ಮೂರು. ಮನಸ್ಸಿನ ಶಕ್ತಿ ಪೂರ್ತಿ ಬತ್ತುವುದು ಮೊದಲನೆಯದು. ಎದುರಿಗಿರುವ ಮನುಷ್ಯ ಮನುಷ್ಯನಾಗಿ ಕಾಣದಿರುವುದು ಎರಡನೆಯದು. ಮೊದಲ ವರ್ಷ ರೋಗಿಯ ಹೆಸರು, ಊರು, ಮಕ್ಕಳೆಷ್ಟು ಎಂಬುದನ್ನೆಲ್ಲ ಕೇಳುತ್ತಿದ್ದ ದಾದಿಯೇ ಐದನೆಯ ವರ್ಷ ಅವನನ್ನು ‘ಹನ್ನೆರಡನೆಯ ಬೆಡ್’ ಎಂದು ಕರೆಯುತ್ತಾಳೆ. ತಾನು ಮಾಡುತ್ತಿರುವ ಕೆಲಸದಿಂದ ಯಾರಿಗೂ ಏನೂ ಆಗುತ್ತಿಲ್ಲವೆಂಬ ಭಾವನೆ ಮೂರನೆಯದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿಯೂ ಹೆಚ್ಚುಕಡಮೆ ಇವೇ ಮೂರು ಲಕ್ಷಣಗಳನ್ನು ಹೇಳಿದೆ. ಆದರೆ ಅಲ್ಲಿ ಇದನ್ನು ರೋಗವೆಂದು ಕರೆದಿಲ್ಲ. ದುಡಿಮೆಯ ಸ್ಥಳದಲ್ಲಿ ಬಹುಕಾಲ ಸರಿಪಡಿಸದೆ ಉಳಿದ ಒತ್ತಡದಿಂದ ಹುಟ್ಟುವ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದಿದೆ. ಈ ಸೂಕ್ಷ್ಮವನ್ನು ಬಿಡಬಾರದು. ರೋಗವಾದರೆ ರೋಗಿಗೆ ಔಷಧ ಕೊಟ್ಟು ಕೈತೊಳೆದುಕೊಳ್ಳಬಹುದು. ಸ್ಥಳದ ದೋಷವಾದರೆ ಸ್ಥಳವನ್ನೇ ಸರಿಪಡಿಸಬೇಕಾಗುತ್ತದೆ.

ನಮ್ಮ ಕಥೋಲಿಕ ಸಂಪ್ರದಾಯದಲ್ಲಿ ಬೆಳೆದವರಿಗೆ ಇಲ್ಲಿ ಒಂದು ತೊಡಕುಂಟು. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ತಪಸ್ವಿ ಎವಾಗ್ರಿಯುಸ್, ನಡುಹಗಲಿನಲ್ಲಿ ಸನ್ಯಾಸಿಯನ್ನು ಕಾಡುವ ‘ಅಕೇದಿಯ’ ಎಂಬ ಪಿಶಾಚಿಯನ್ನು ವರ್ಣಿಸಿದ್ದಾರೆ. ಸೂರ್ಯ ನಿಂತಲ್ಲೇ ನಿಂತಂತೆ, ಹಗಲು ಐವತ್ತು ಗಂಟೆಗಳಷ್ಟು ಉದ್ದವಾದಂತೆ, ತನ್ನ ಗುಡಿಸಲೂ ಕೈಕೆಲಸವೂ ಬೇಡವಾದಂತೆ ಅನ್ನಿಸುವ ಸ್ಥಿತಿ ಅದು. ಮುಂದೆ ಅದೇ ಏಳು ಮೂಲಪಾಪಗಳಲ್ಲಿ ಸೋಮಾರಿತನವೆಂಬ ಹೆಸರನ್ನು ಪಡೆಯಿತು. ಹೀಗಾಗಿ ದಣಿದವರನ್ನು ಕಂಡಾಗ ನಮ್ಮ ಬಾಯಿಗೆ ಮೊದಲು ಬರುವುದು ಬುದ್ಧಿವಾದ. ಇನ್ನಷ್ಟು ಪ್ರಾರ್ಥಿಸು, ಇನ್ನಷ್ಟು ಸಹಿಸು, ನಿನಗಿಂತ ಕಷ್ಟದಲ್ಲಿರುವವರನ್ನು ನೋಡು ಎನ್ನುತ್ತೇವೆ. ಎಣ್ಣೆಯಿದ್ದೂ ಉರಿಯಲೊಲ್ಲದ ದೀಪಕ್ಕೆ ಈ ಮಾತು ತಕ್ಕುದಿರಬಹುದು. ಎಣ್ಣೆ ತೀರಿದ ದೀಪಕ್ಕೆ ಅಲ್ಲ.

ಪ್ರವಾದಿ ಎಲೀಯನ ಪ್ರಸಂಗವನ್ನು ನೋಡಿ. ಕಾರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯವನ್ನು ಪಡೆದವನು, ರಾಣಿಯ ಬೆದರಿಕೆಗೆ ಓಡಿ, ಅಡವಿಯಲ್ಲಿ ಒಂದು ದಿನದ ದಾರಿ ನಡೆದು, ಒಂದು ಗಿಡದ ಬುಡದಲ್ಲಿ ಕುಳಿತು ಸಾವನ್ನು ಬೇಡಿದನು. ದೇವರು ಆಗ ಅವನಿಗೆ ಉಪದೇಶ ಮಾಡಲಿಲ್ಲ, ಗದರಿಸಲೂ ಇಲ್ಲ. ಅವನು ಮಲಗಿದನು. ದೂತನು ತಟ್ಟಿ ಎಬ್ಬಿಸಿದಾಗ ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ನೀರೂ ಇದ್ದವು. ತಿಂದು ಕುಡಿದು ಮತ್ತೆ ಮಲಗಿದನು. ಎರಡನೆಯ ಸಲವೂ ದೂತನು ಊಟಕ್ಕೇ ಎಬ್ಬಿಸಿದನು. ಮುಂದಿನ ದಾರಿ ಅವನ ಶಕ್ತಿಗೆ ಮೀರಿದ್ದೆಂದು ದೂತನೇ ಒಪ್ಪಿಕೊಂಡನು. ದೇವರ ಮಾತು ಅವನ ಕಿವಿಗೆ ಬಿದ್ದುದು ಇಷ್ಟೆಲ್ಲ ಆಗಿ, ನಲವತ್ತು ದಿನ ಕಳೆದು, ಹೋರೇಬಿನಲ್ಲಿ. ಅಲ್ಲಿ ಕೂಡ ದೇವರು ಅವನನ್ನು ಒಬ್ಬನನ್ನಾಗಿಯೇ ಹಿಂದಕ್ಕೆ ಕಳುಹಿಸಲಿಲ್ಲ. ಎಲೀಷನನ್ನು ಜೊತೆಗೆ ಗೊತ್ತುಮಾಡಿದರು. ನಿದ್ದೆ, ಊಟ, ಬಳಿಕ ಕೆಲಸಕ್ಕೆ ಮತ್ತೊಂದು ಜೊತೆಗೈ. ದಣಿದ ನೌಕರನೊಬ್ಬನ ವಿಷಯದಲ್ಲಿ ಯಜಮಾನನು ಅನುಸರಿಸಬೇಕಾದ ಕ್ರಮ ಇಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಇರುವುದನ್ನು ನಾವು ಕಂಡಿಲ್ಲ.

ಹಿರಿಯರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ‘ನಾವೂ ಮೂವತ್ತೈದು ವರ್ಷ ಗಿರಣಿಯಲ್ಲಿ, ಕಾರ್ಖಾನೆಯಲ್ಲಿ ದುಡಿದೆವು, ಇಂತಹ ಕಾಯಿಲೆಗಳ ಹೆಸರನ್ನು ಆಗ ಕೇಳಿರಲೇ ಇಲ್ಲ’ ಎಂದು ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಡೆಯುವ ಮಾತುಕತೆಯಲ್ಲಿ ಅನೇಕ ಸಲ ಕೇಳಿದ್ದೇವೆ. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಬೆಂಗಳೂರಿನಲ್ಲಿ 1940ರಿಂದ 1954ರೊಳಗೆ ಒಂದರ ಹಿಂದೆ ಒಂದರಂತೆ ವಿಮಾನ, ದೂರವಾಣಿ, ಯಂತ್ರೋಪಕರಣ, ಇಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ತಲೆಯೆತ್ತಿದಾಗ ನಮ್ಮ ಜನ ಅಲ್ಲಿಗೆ ಸೇರಿದರು. ಅಲ್ಲಿ ಸೈರನ್ ಇತ್ತು. ಬೆಳಿಗ್ಗೆ ಅದು ಕೂಗಿದರೆ ಒಳಗೆ, ಸಂಜೆ ಕೂಗಿದರೆ ಹೊರಗೆ. ಹೊರಗೆ ಬಂದವನನ್ನು ಮರುದಿನದ ಸೈರನ್ನಿನವರೆಗೆ ಯಾರೂ ಕೇಳುವಂತಿರಲಿಲ್ಲ. ಕ್ಯಾಂಟೀನಿನಲ್ಲಿ ಕಡಮೆ ಬೆಲೆಗೆ ಊಟ, ಕಾರ್ಖಾನೆಯ ಬಸ್ಸು, ಕಾಲೊನಿಯಲ್ಲಿ ಮನೆ, ದವಾಖಾನೆ. ಇವು ಯಾರೋ ಪುಣ್ಯಾತ್ಮರ ಔದಾರ್ಯದಿಂದ ಮಾತ್ರ ಬಂದುವಲ್ಲ. 1948ರ ಕಾರ್ಖಾನೆಗಳ ಕಾಯ್ದೆಯು ವಾರಕ್ಕೆ 48 ಗಂಟೆಗಳ ಮಿತಿ, ವಾರದ ರಜೆ, ಐದು ಗಂಟೆಯ ದುಡಿಮೆಗೆ ಅರ್ಧ ಗಂಟೆಯ ಬಿಡುವು ಇವನ್ನು ವಿಧಿಸಿತ್ತು. 250ಕ್ಕೆ ಮೇಲ್ಪಟ್ಟು ಕಾರ್ಮಿಕರಿದ್ದರೆ ಕ್ಯಾಂಟೀನು, 150ಕ್ಕೆ ಮೇಲ್ಪಟ್ಟರೆ ವಿಶ್ರಾಂತಿ ಕೊಠಡಿ, 500 ಅಥವಾ ಹೆಚ್ಚು ಜನರಿದ್ದರೆ ಕಲ್ಯಾಣಾಧಿಕಾರಿ ಇರಬೇಕೆಂದಿತ್ತು. ಆ ಕಾಯ್ದೆಯ ಸ್ಥಾನಕ್ಕೆ 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಹೊಸ ಸಂಹಿತೆ ಬಂದಿದೆ. ಇನ್ನರ್ಧ ನಿಜವನ್ನೂ ಹೇಳಬೇಕು. ಸೈರನ್ ಇದ್ದ ಕಾಲದಲ್ಲಿಯೂ ಬಳಲಿಕೆ ಇತ್ತು; ಅದು ಸಂಬಳದ ದಿನ ಹೆಂಡದಂಗಡಿಗೆ ಹೋಗುತ್ತಿತ್ತು, ಮನೆಯಲ್ಲಿ ಹೆಂಡತಿಯ ಬೆನ್ನಿನ ಮೇಲೆ ಇಳಿಯುತ್ತಿತ್ತು. ಹೆಸರಿರಲಿಲ್ಲ, ಅಷ್ಟೆ.

ಇಂದಿನ ನಮ್ಮ ಮಕ್ಕಳ ದುಡಿಮೆಗೆ ಸೈರನ್ ಇಲ್ಲ. ಕೆಲಸವು ಮೊಬೈಲಿನ ರೂಪದಲ್ಲಿ ದಿಂಬಿನ ಪಕ್ಕದಲ್ಲಿ ಮಲಗುತ್ತದೆ. ಕಂಪ್ಯೂಟರ್ ಕಂಪನಿಯ ಹುಡುಗನಿಗೆ ಅಮೆರಿಕದ ಹಗಲಿಗೆ ಹೊಂದಿಕೊಂಡ ರಾತ್ರಿ. ಗಾರ್ಮೆಂಟ್ಸ್ ಹುಡುಗಿಗೆ ಗಂಟೆಗಿಷ್ಟು ಎಂಬ ಟಾರ್ಗೆಟ್. ಊಟ ಹೊತ್ತು ಬೈಕಿನಲ್ಲಿ ಓಡುವ ತರುಣನಿಗೆ ಯಜಮಾನನ ಮುಖವೇ ಕಾಣದು. ಇಂತಹ ಕೆಲಸಗಾರರಿಗಾಗಿ ಕರ್ನಾಟಕದಲ್ಲಿ 2025ರಲ್ಲಿ ಒಂದು ಕಾಯ್ದೆಯಾಗಿರುವುದು ಒಳ್ಳೆಯ ಆರಂಭ. ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರಲ್ಲಿ ನಮ್ಮ ನಗರದ ಹಿರಿಯ ಉದ್ಯಮಿಯೊಬ್ಬರು ಯುವಜನರಿಗೆ ಕರೆಕೊಟ್ಟಾಗ ದೊಡ್ಡ ಚರ್ಚೆಯೇ ನಡೆಯಿತು. ಆ ಚರ್ಚೆಯಲ್ಲಿ ಒಂದು ಲೆಕ್ಕ ಅಷ್ಟಾಗಿ ಕೇಳಿಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಜೊತೆಯಾಗಿ ಪ್ರಕಟಿಸಿದ ಅಂದಾಜಿನಂತೆ, ದೀರ್ಘಾವಧಿಯ ದುಡಿಮೆಗೆ ಸಂಬಂಧಿಸಿದ ಪಾರ್ಶ್ವವಾಯು ಮತ್ತು ಹೃದ್ರೋಗಗಳಿಂದ 2016ನೆಯ ಒಂದೇ ವರ್ಷದಲ್ಲಿ ಲೋಕದಲ್ಲಿ 7,45,000 ಜನ ಸತ್ತರು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇಕಡ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇಕಡ 17ರಷ್ಟು ಹೆಚ್ಚು.

ಉದ್ಯಮಗಳು ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಒಪ್ಪೋಣ. ತಿಂಗಳಿಗೊಂದು ಮಧ್ಯಾಹ್ನ ಯೋಗಾಭ್ಯಾಸ, ಒತ್ತಡನಿವಾರಣೆಯನ್ನು ಕುರಿತ ಉಪನ್ಯಾಸ, ಮೊಬೈಲಿನಲ್ಲಿ ಧ್ಯಾನದ ಪಾಠ, ಗೋಡೆಯ ಮೇಲೆ ನಗುಮುಖದ ಭಿತ್ತಿಪತ್ರ ಇವೆಲ್ಲ ಬಂದಿವೆ. ಯೋಗವನ್ನಾಗಲಿ ಧ್ಯಾನವನ್ನಾಗಲಿ ನಾವು ಹಳಿಯುತ್ತಿಲ್ಲ. ಆದರೆ ಎರಡು ಗಂಟೆಯ ಉಪನ್ಯಾಸಕ್ಕೆ ಕುಳಿತವನ ಮೇಜಿನ ಮೇಲೆ ಆ ಎರಡು ಗಂಟೆಯ ಕೆಲಸ ಹಾಗೆಯೇ ಕಾದಿರುತ್ತದೆ. ಅವನು ಅದನ್ನು ಮುಗಿಸಿ ಮನೆಗೆ ಹೋಗುವುದು ಮತ್ತೂ ಎರಡು ಗಂಟೆ ತಡವಾಗಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಸುಮಾರು 5,000 ನೌಕರರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಮಾತ್ರ ಆರೋಗ್ಯವರ್ಧನ ಕಾರ್ಯಕ್ರಮದ ಅವಕಾಶವನ್ನು ಕೊಟ್ಟು ನೋಡಿದಾಗ, ಆರೋಗ್ಯದಲ್ಲಾಗಲಿ ವೈದ್ಯವೆಚ್ಚದಲ್ಲಾಗಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಇಂಗ್ಲೆಂಡಿನ ವಿದ್ವಾಂಸ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 233 ಸಂಸ್ಥೆಗಳ 46,336 ನೌಕರರ ಉತ್ತರಗಳಿವೆ. ಸಹನಶಕ್ತಿಯ ತರಬೇತಿ, ಧ್ಯಾನದ ತರಗತಿ ಮುಂತಾದವುಗಳಲ್ಲಿ ಭಾಗವಹಿಸಿದವರ ಸ್ಥಿತಿ ಭಾಗವಹಿಸದವರ ಸ್ಥಿತಿಗಿಂತ ಉತ್ತಮವಾಗಿರಲಿಲ್ಲ. ಅದು ಒಂದೇ ಸಮಯದಲ್ಲಿ ತೆಗೆದ ಲೆಕ್ಕವಾದುದರಿಂದ ಕಾರಣ ಇಂಥದ್ದೇ ಎಂದು ಅಡ್ಡಗೆರೆ ಎಳೆದು ಹೇಳಲಾಗದು. ಕುತೂಹಲದ ಸಂಗತಿಯೆಂದರೆ, ಆ ಪಟ್ಟಿಯಲ್ಲಿ ಸ್ವಲ್ಪವಾದರೂ ಹಿತ ಕಂಡುಬಂದುದು ಪರೋಪಕಾರದ ಕೆಲಸಕ್ಕೆ ಅವಕಾಶ ಪಡೆದವರಲ್ಲಿ ಮಾತ್ರ.

ಹಾಗಾದರೆ ಹಿತವಾಗುವುದು ಯಾವುದರಿಂದ? ದಾದಿಯರ ಉದಾಹರಣೆಯನ್ನೇ ತೆಗೆದುಕೊಳ್ಳೋಣ, ಏಕೆಂದರೆ ನಮ್ಮ ಧರ್ಮಕೇಂದ್ರದಲ್ಲಿ ದಾದಿಯಿಲ್ಲದ ಬಳಗ ಕಡಮೆ. ಲಿಂಡಾ ಐಕನ್ ಮತ್ತು ಅವರ ಜೊತೆಗಾರರು ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ 168 ಆಸ್ಪತ್ರೆಗಳಲ್ಲಿ 10,184 ದಾದಿಯರನ್ನು ಕುರಿತು ನಡೆಸಿದ ಅಧ್ಯಯನ 2002ರಲ್ಲಿ ಹೊರಬಂದಿತು. ಒಬ್ಬ ದಾದಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಆಕೆ ಬಳಲಿಕೆಗೆ ಈಡಾಗುವ ಸಂಭವ ಶೇಕಡ 23ರಷ್ಟು ಏರುತ್ತಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ, ಶಸ್ತ್ರಚಿಕಿತ್ಸೆಯಾದ ರೋಗಿ ತಿಂಗಳೊಳಗೆ ಸಾಯುವ ಸಂಭವವೂ ಶೇಕಡ 7ರಷ್ಟು ಏರುತ್ತಿತ್ತು. ದಾದಿಯ ದಣಿವು ದಾದಿಯ ಖಾಸಗಿ ಸಂಗತಿಯಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಿಲ್ಲ. ಕ್ಯಾಲಿಫೋರ್ನಿಯ ರಾಜ್ಯವು 1999ರಲ್ಲಿ ಕಾನೂನು ಮಾಡಿ, 2004ರಿಂದ ಒಬ್ಬ ದಾದಿಗೆ ಇಷ್ಟೇ ರೋಗಿಗಳೆಂಬ ಮಿತಿಯನ್ನು ಜಾರಿಗೆ ತಂದಿತು. ನಮ್ಮಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ಸಾಮಾನ್ಯ ವಾರ್ಡುಗಳಿಗೆ ಬೋಧನಾಸ್ಪತ್ರೆಯಲ್ಲಿ 3 ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬರು ಎಂಬ ಪ್ರಮಾಣವನ್ನು ಸೂಚಿಸಿ, ರಜೆಯಲ್ಲಿರುವವರ ಬದಲಿಗೆ ಪ್ರತ್ಯೇಕ ಜನವಿರಬೇಕೆಂದೂ ಹೇಳಿದೆ. ಯಾವುದಾದರೊಂದು ಆಸ್ಪತ್ರೆಗೆ ರಾತ್ರಿ ಪಾಳಿಯಲ್ಲಿ ಹೋಗಿ ತಾವೇ ಎಣಿಸಿ ನೋಡಬಹುದು.

ಜನಬಲ, ಹೊತ್ತು, ರಜೆ. ನಮ್ಮ ಅಭಿಪ್ರಾಯದಲ್ಲಿ ಮೊದಲ ಅನುಕೂಲತೆಗಳು ಇವೇ. ಉಳಿದುವೆಲ್ಲ ಇವುಗಳ ಅನಂತರದವು. ಮೋಶೆಯ ಮಾವನಾದ ಇತ್ರೋನು ಅಳಿಯನನ್ನು ನೋಡಲು ಬಂದಾಗ, ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ನ್ಯಾಯತೀರಿಸುತ್ತಿದ್ದ ಮೋಶೆಯನ್ನು ಕಂಡು, ಹೀಗಾದರೆ ನೀನೂ ಸೋಲುವೆ, ಜನರೂ ಸೋಲುವರು ಎಂಬ ಎಚ್ಚರಿಕೆ ಕೊಟ್ಟನಷ್ಟೆ. ಆತನು ಅಳಿಯನಿಗೆ ಸಹನೆಯ ಪಾಠ ಹೇಳಲಿಲ್ಲ. ಸಾವಿರ, ನೂರು, ಐವತ್ತು, ಹತ್ತು ಜನರಿಗೆ ಒಬ್ಬೊಬ್ಬರಂತೆ ಅಧಿಕಾರಿಗಳನ್ನು ನೇಮಿಸಿ ಕೆಲಸವನ್ನು ಹಂಚಿಸಿದನು.

ಈಗ ಹೇಳಬೇಕಾದ ಮಾತು ಸ್ವಲ್ಪ ಕಹಿ. ಹೊರಗಿನ ಕಂಪನಿಗಳನ್ನು ಟೀಕಿಸುವುದು ಸುಲಭ. ಆದರೆ ನಮ್ಮ ಧರ್ಮಸಭೆಯೇ ಈ ನಾಡಿನಲ್ಲಿ ದೊಡ್ಡ ಉದ್ಯೋಗದಾತ. ಶಾಲೆಗಳು, ಆಸ್ಪತ್ರೆಗಳು, ವಿದ್ಯಾರ್ಥಿನಿಲಯಗಳು, ವೃದ್ಧಾಶ್ರಮಗಳು ಎಷ್ಟಿವೆ! ಇಲ್ಲೆಲ್ಲ ದುಡಿಯುವವರು ದಣಿದು ರಜೆ ಕೇಳಿದಾಗ ‘ಇದು ನೌಕರಿಯಲ್ಲಮ್ಮಾ, ಸೇವೆ’ ಎಂಬ ಉತ್ತರ ಬರುವುದುಂಟು. ಈ ಮಾತನ್ನು ಕೇಳಿಸಿಕೊಂಡವರು ಈ ಸಭೆಯಲ್ಲಿಯೇ ಇದ್ದಾರೆ, ಹೇಳಿದವರೂ ಇರಬಹುದು. ಸೇವೆ ಎಂಬುದು ನಮ್ಮ ವಿಶ್ವಾಸದ ಶ್ರೇಷ್ಠ ಪದಗಳಲ್ಲಿ ಒಂದು. ತಾನು ತಾನಾಗಿ ಅರ್ಪಿಸಿದಾಗ ಅದು ಬಲಿ. ಮತ್ತೊಬ್ಬರಿಂದ ಕಿತ್ತುಕೊಂಡಾಗ ಅದಕ್ಕೆ ಆ ಹೆಸರು ಸಲ್ಲದು. ವ್ರತ ತೊಟ್ಟ ಕನ್ಯಾಸ್ತ್ರೀಯರು ತಮ್ಮ ವಿಶ್ರಾಂತಿಯನ್ನು ಬಿಟ್ಟುಕೊಡಬಹುದು, ಅವರ ಬೆನ್ನ ಹಿಂದೆ ಒಂದು ಮಠವಿದೆ. ಎರಡು ಮಕ್ಕಳ ತಾಯಿಯಾದ ದಾದಿಗೆ ಮನೆಯಲ್ಲಿ ಮತ್ತೊಂದು ಪಾಳಿ ಕಾದಿದೆ. ಆ ಪಾಳಿಗೆ ಸಂಬಳವೂ ಇಲ್ಲ, ರಜೆಯೂ ಇಲ್ಲ. (ಗಂಡಸರು ಇಲ್ಲಿ ತಲೆ ತಗ್ಗಿಸಿದರೆ ಸಾಲದು, ತರಕಾರಿ ಹೆಚ್ಚಲೂ ಕಲಿಯಬೇಕು.)

ಇದು ನಮ್ಮ ಸ್ವಂತ ಕಲ್ಪನೆಯ ನ್ಯಾಯವಲ್ಲ. 1983ರ ಧರ್ಮಸಭಾ ಕಾನೂನು ಸಂಹಿತೆಯ 1286ನೆಯ ನಿಯಮವು, ಧರ್ಮಸಭೆಯ ಆಸ್ತಿಯನ್ನು ನಿರ್ವಹಿಸುವವರು ಕೆಲಸಗಾರರನ್ನು ನೇಮಿಸಿಕೊಳ್ಳುವಾಗ ದೇಶದ ಕಾರ್ಮಿಕ ಕಾನೂನುಗಳನ್ನು ಚಾಚೂ ತಪ್ಪದೆ ಪಾಲಿಸಬೇಕೆಂದೂ, ಕೆಲಸಗಾರನೂ ಅವನ ಕುಟುಂಬವೂ ಬದುಕುವಷ್ಟು ನ್ಯಾಯವಾದ ಸಂಬಳ ಕೊಡಬೇಕೆಂದೂ ವಿಧಿಸುತ್ತದೆ. ಅದೇ ಸಂಹಿತೆಯ 533ನೆಯ ನಿಯಮದಂತೆ ಧರ್ಮಕೇಂದ್ರದ ಗುರುಗಳು ಪ್ರತಿವರ್ಷ ಒಂದು ತಿಂಗಳವರೆಗೆ ರಜೆ ಪಡೆಯಬಹುದು. ನಮ್ಮ ಗುರುಗಳು ಆ ರಜೆಯನ್ನು ಪೂರ್ತಿಯಾಗಿ ಪಡೆಯಲಿ ಎಂದೇ ನಮ್ಮ ಆಸೆ. ಭಾನುವಾರ ಮೂರು ಬಲಿಪೂಜೆ ಅರ್ಪಿಸಿ, ಎರಡು ಸಭೆಗಳಲ್ಲಿ ಕುಳಿತು, ರಾತ್ರಿ ರೋಗಿಯ ಅಭ್ಯಂಗಕ್ಕೆ ಹೋಗುವವರ ದಣಿವು ನಮಗೆ ಕಾಣುತ್ತದೆ. ಅವರ ಜೊತೆಗೆ ಗುರುನಿವಾಸದ ಅಡುಗೆಯವರ ರಜೆ ಎಷ್ಟು, ಗಂಟೆ ಬಾರಿಸುವ ಉಪದೇಶಿಗಳು ಕೊನೆಯದಾಗಿ ಒಂದು ಪೂರ್ಣ ದಿನ ಮನೆಯಲ್ಲಿದ್ದುದು ಯಾವಾಗ ಎಂಬ ಪ್ರಶ್ನೆಗಳನ್ನೂ ಕೇಳಿಕೊಳ್ಳಬೇಕು.

ಹಣವಿಲ್ಲ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಹೆಚ್ಚುವರಿ ಜನವನ್ನು ನೇಮಿಸಲು ಹಣ ಬೇಕು, ನಿಜ. ಆ ಮಾತನ್ನು ಮರೆಮಾಚುವುದಿಲ್ಲ. ಆದರೆ ಪಾಳಿಯ ಪಟ್ಟಿಯನ್ನು ಎರಡು ವಾರ ಮೊದಲೇ ಹಾಕುವುದಕ್ಕೆ ಹಣ ಬೇಕಿಲ್ಲ. ತನ್ನ ಮುಂದಿನ ಭಾನುವಾರ ತನ್ನದೋ ಅಲ್ಲವೋ ಎಂಬುದು ತಿಳಿಯದವರ ಬದುಕಿನಲ್ಲಿ ತಂಗಿಯ ಮದುವೆಗೂ ಹೊತ್ತಿರುವುದಿಲ್ಲ, ಪಾಪನಿವೇದನೆಗೂ ಹೊತ್ತಿರುವುದಿಲ್ಲ. ರಾತ್ರಿ ಎಂಟರ ಮೇಲೆ ಶಿಕ್ಷಕಿಯರ ವಾಟ್ಸಾಪ್ ಗುಂಪಿಗೆ ಆಜ್ಞೆಗಳನ್ನು ಕಳುಹಿಸದಿರುವುದಕ್ಕೆ ಹಣ ಬೇಕಿಲ್ಲ. ದಾದಿ ಕುಳಿತು ಊಟ ಮಾಡುವುದಕ್ಕೆ, ಹತ್ತು ನಿಮಿಷ ಕಾಲು ಚಾಚುವುದಕ್ಕೆ ಒಂದು ಕೋಣೆ, ಅದರ ಬಾಗಿಲಿಗೊಂದು ಅಗುಳಿ ಇರಬೇಕು. ಇದಕ್ಕೆ ಬೇಕಾದುದು ಒಂದು ಹಳೆಯ ಉಗ್ರಾಣವನ್ನು ಖಾಲಿ ಮಾಡುವ ಮನಸ್ಸು. ಮೇಲ್ವಿಚಾರಕರಿಗೆ ತರಬೇತಿ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2022ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಗಳಲ್ಲಿಯೂ ದುಡಿಮೆಯ ವ್ಯವಸ್ಥೆಯನ್ನು ಬದಲಿಸುವುದು, ಮೇಲ್ವಿಚಾರಕರನ್ನು ತರಬೇತುಗೊಳಿಸುವುದು ಇವಕ್ಕೆ ಮುಖ್ಯ ಸ್ಥಾನವಿದೆ.

ಕೆಲವು ಸಂಸ್ಥೆಗಳು ಆಪ್ತಸಲಹೆಗಾರರನ್ನು ನೇಮಿಸಿಕೊಂಡಿವೆ. ಇದು ಮೆಚ್ಚತಕ್ಕ ಕಾರ್ಯ, ಆದರೆ ಒಂದು ಷರತ್ತಿನ ಮೇಲೆ. ಸಲಹೆಗಾರರ ಕೋಣೆ ವ್ಯವಸ್ಥಾಪಕರ ಕೋಣೆಯ ಎದುರಿಗಿದ್ದರೆ, ಯಾರು ಒಳಗೆ ಹೋದರು ಎಂಬ ಪಟ್ಟಿ ಸಂಜೆ ಮೇಲಿನವರ ಮೇಜಿಗೆ ಹೋಗುವುದಾದರೆ, ಆ ಬಾಗಿಲನ್ನು ಯಾರೂ ತಟ್ಟಲಾರರು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಚಿಕಿತ್ಸೆ ಪಡೆಯುವವರಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಪಾಪನಿವೇದನೆಯ ಗೋಪ್ಯತೆಯನ್ನು ಪ್ರಾಣದಂತೆ ಕಾಪಾಡಿಕೊಂಡು ಬಂದ ನಮಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಸ್ಥೆಯೊಳಗೆ ಬಾಯಿಬಿಡಲು ಅಂಜುವವರಿಗೆ ಹೊರಗೂ ದಾರಿಯುಂಟು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮೇಲುಸ್ತುವಾರಿಯ ಕೇಂದ್ರ. ಈ ಸಂಖ್ಯೆಯನ್ನು ದೇವಾಲಯದ ಸೂಚನಾಫಲಕದಲ್ಲಿ ಪೂಜೆಯ ವೇಳಾಪಟ್ಟಿಯ ಕೆಳಗೆ ಬರೆಸಬೇಕೆಂದು ಕೋರುತ್ತೇವೆ. ನಿದ್ದೆ ಹತ್ತದ, ಬೆಳಗಾದರೆ ಅಳು ಬರುವ, ಬದುಕು ಸಾಕೆನಿಸುವ ಸ್ಥಿತಿಗೆ ಬಂದವರಿಗೆ ರಜೆಯೊಂದೇ ಸಾಲದು, ವೈದ್ಯರ ನೆರವು ಬೇಕು. ಅಂತಹವರನ್ನು ಪ್ರಾರ್ಥನೆಗೆ ಮಾತ್ರ ಕಳುಹಿಸಿ ಸುಮ್ಮನಾಗಬಾರದು.

ಕಡೆಯದಾಗಿ ಒಂದು ಸೂಚನೆ. ಶತಮಾನೋತ್ಸವಕ್ಕೆಂದು ತಾವೆಲ್ಲರೂ ಧಾರಾಳವಾಗಿ ಕಾಣಿಕೆ ಕೊಟ್ಟಿದ್ದೀರಿ. ಗಂಟೆಗೋಪುರಕ್ಕೆ ಬಣ್ಣ, ಮುಂಭಾಗಕ್ಕೆ ವಿದ್ಯುದ್ದೀಪಗಳು, ಅಂಗಳಕ್ಕೆ ಹಾಸುಗಲ್ಲು ಎಂದು ಯೋಜನೆಗಳಾಗಿವೆ. ಅವು ಆಗಲಿ, ದೇವಾಲಯ ಶೋಭಿಸಲಿ. ಆದರೆ ಹಾಸುಗಲ್ಲಿಗೆಂದು ಮೀಸಲಿಟ್ಟಿರುವ ಮೊತ್ತವನ್ನು ಈ ವರ್ಷಕ್ಕೆ ತಡೆದು, ಅದರಿಂದ ನಮ್ಮ ಶಾಲೆಗೆ ಒಬ್ಬ ಬದಲಿ ಶಿಕ್ಷಕಿಯನ್ನೂ, ಔಷಧಾಲಯಕ್ಕೆ ಒಬ್ಬ ಬದಲಿ ದಾದಿಯನ್ನೂ ನೇಮಿಸಿಕೊಂಡರೆ, ಅಲ್ಲಿ ದುಡಿಯುವವರಿಗೆ ಪುಸ್ತಕದಲ್ಲಿ ಮಾತ್ರ ಇರುವ ರಜೆ ಕೈಗೆ ಸಿಗುತ್ತದೆ. ಗುರುನಿವಾಸದ ಅಡುಗೆಯವರಿಗೆ ವಾರಕ್ಕೊಂದು ದಿನ ಬಿಡುವು ಕೊಟ್ಟು, ಆ ದಿನದ ಊಟವನ್ನು ವಾಳೆಯವರು ಸರದಿಯಂತೆ ಕಳುಹಿಸಿಕೊಡಬಹುದು. ಉಪದೇಶಿಗಳ ಬದಲಿಗೆ ಮಂಗಳವಾರದ ಬೆಳಗಿನ ಗಂಟೆಯನ್ನು ಬಾರಿಸಲು ಯುವಕರ ಸಂಘದಲ್ಲಿ ಇಬ್ಬರು ಒಪ್ಪಿಕೊಂಡಿದ್ದಾರೆ. ಹಾಸುಗಲ್ಲಿಲ್ಲದೆ ನೂರು ವರ್ಷ ನಡೆದ ಅಂಗಳದಲ್ಲಿ ಇನ್ನೊಂದು ವರ್ಷ ನಡೆಯಲು ನಮಗೇನೂ ಕಷ್ಟವಾಗದು. ಈ ಸೂಚನೆಯನ್ನು ಬರಹದಲ್ಲಿ ಪಾಲನಾ ಸಮಿತಿಯ ಕಾರ್ಯದರ್ಶಿಗಳಿಗೆ ಒಪ್ಪಿಸಿದ್ದೇವೆ. ಮುಂದಿನ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ.